ಬಾಣದ ಹಿಂದೆ ಓಡಬೇಡಿ: ಬೆಟ್ಟದಲ್ಲಿ ಜಿಯೊಕ್ಯಾಶ್ ಹುಡುಕುವುದು ಹೇಗೆ

ಹೋದ ಬೇಸಿಗೆಯಲ್ಲಿ ನಾವು ಮೂರು ಕನ್ನಡ ಸಂಸಾರದವರು, ಜೊತೆಗೆ ಊರಿಂದ ಬಂದಿದ್ದ ಗೆಳೆಯನ ಅಪ್ಪ ಅಮ್ಮ, ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಒಂದೇ ಬೇಲಿಕಂಬದ ಸುತ್ತ ಮುಕ್ಕಾಲು ಗಂಟೆ ಸುತ್ತಿದೆವು. ಡಬ್ಬಿ ಇದ್ದದ್ದು ಎಂಟು ಹೆಜ್ಜೆ ಆಚೆ. ಬೆಟ್ಟ ಹತ್ತುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಲ್ಲರೂ ಎಡವುವುದು ಈ ಎಂಟು ಹೆಜ್ಜೆಯಲ್ಲೇ.

ಜಿಯೊಕ್ಯಾಶಿಂಗ್ ಎಂಬ ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಡಬೇಕು. ಮೊದಲು ಜನಸಾಮಾನ್ಯರ ಜಿಪಿಎಸ್‌ನಲ್ಲಿ ಅಮೆರಿಕ ಸರ್ಕಾರ ಬೇಕಂತಲೇ ತಪ್ಪು ಬೆರೆಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿತು. ಮಾರನೇ ದಿನವೇ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಎಂಬಾತ ಒಂದು ಬಕೆಟ್ ಬಚ್ಚಿಟ್ಟ, ಆಟ ಶುರುವಾಯಿತು.

ಮೊದಲು ದಾರಿ ಗೊತ್ತುಮಾಡಿಕೊಳ್ಳಿ, ಡಬ್ಬಿಗಳ ಚಿಂತೆ ಆಮೇಲೆ. ನನ್ನ ಮೆಚ್ಚಿನ ದಾರಿ ಈಡೇಲ್ ರೈಲು ನಿಲ್ದಾಣದಿಂದ ಹಾಲಿನ್ಸ್ ಕ್ರಾಸ್‌ಗೆ ಹತ್ತಿ, ಮಾಮ್ ಟಾರ್ ನೋಡಿಕೊಂಡು ಅದೇ ದಿಣ್ಣೆಯ ಮೇಲೆ ವಾಪಸ್ ಬಂದು, ಬ್ಯಾಕ್ ಟಾರ್, ಲೂಸ್ ಹಿಲ್ ದಾಟಿ ಹೋಪ್ ನಿಲ್ದಾಣಕ್ಕೆ ಇಳಿಯುವುದು. ಹತ್ತಿರ ಹತ್ತಿರ 12 ಕಿಲೋಮೀಟರ್. ಮಾಮ್ ಟಾರ್ ಎತ್ತರ 517 ಮೀಟರ್, ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರದಲ್ಲಿದೆ ಅಂತ ನಗಬೇಡಿ, ಮೇಲಿನ ಗಾಳಿಗೆ ನಿಂತವರೇ ಓಲಾಡುತ್ತಾರೆ. ಇಡೀ ನಡಿಗೆಗೆ ಐದು ಡಬ್ಬಿ ಸಾಕು. ಇಪ್ಪತ್ತು ಗುರುತು ಹಾಕಿಕೊಂಡು ಹೊರಟವರು ಬೆಟ್ಟವನ್ನೂ ನೋಡುವುದಿಲ್ಲ, ಊಟಾನೂ ಮಾಡುವುದಿಲ್ಲ.

ಮನೆಯಲ್ಲೇ ನಕ್ಷೆ, ಡಬ್ಬಿಗಳ ವಿವರ ಎಲ್ಲ ಡೌನ್‌ಲೋಡ್ ಮಾಡಿಕೊಳ್ಳಿ. ಬೆಟ್ಟದಲ್ಲಿ ಸಿಗ್ನಲ್ ನಂಬಬೇಡಿ. ಬ್ಯಾಗಿನಲ್ಲಿ ಮಳೆಕೋಟು, ನೀರು, ಪೆನ್ಸಿಲ್. ಪೆನ್ಸಿಲ್ಲೇ ಯಾಕೆ ಅಂದರೆ ಒದ್ದೆ ಚೀಟಿಯ ಮೇಲೆ ಪೆನ್ನು ಬರೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಪವರ್‌ಬ್ಯಾಂಕ್ ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ, ಅರ್ಧ ದಾರಿಯಲ್ಲೇ ಅದು ಕಣ್ಣು ಮುಚ್ಚಿತು. ಕಾಗದದ ನಕ್ಷೆ ಇರಲಿ.

ಅಂಕಿಗಳನ್ನು ಕೈಯಾರೆ ಒತ್ತುವವರು ಇಲ್ಲಿ ಸ್ವಲ್ಪ ನಿಲ್ಲಿ. ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಕೊಡುತ್ತಾರೆ. ಉದಾಹರಣೆಗೆ ಉತ್ತರ 53° 20.950, ಪಶ್ಚಿಮ 1° 48.500. ಇದನ್ನೇ ಅವಸರದಲ್ಲಿ 53.20950, 1.48500 ಅಂತ ಒತ್ತಿದರೆ ಫೋನಿನಲ್ಲಿ ದಾರಿ ತೋರಿಸುವ ಬಾಣ ನಿಮ್ಮನ್ನು ಇಪ್ಪತ್ತೈದು ಕಿಲೋಮೀಟರಿಗೂ ಆಚೆ, ಚೆಸ್ಟರ್‌ಫೀಲ್ಡ್ ಕಡೆಗೆ ಕರೆಯುತ್ತದೆ. ನಮ್ಮವರು ಮಾಡುವ ಇನ್ನೊಂದು ತಪ್ಪಿದೆ. ಭಾರತದಲ್ಲಿ ಎಲ್ಲವೂ ಪೂರ್ವ ರೇಖಾಂಶ, ಅದೇ ಅಭ್ಯಾಸದಲ್ಲಿ ಇಲ್ಲೂ ಪೂರ್ವ ಅಂತ ಹಾಕಿದರೆ ಡಬ್ಬಿ ಸೀದಾ ಉತ್ತರ ಸಮುದ್ರದೊಳಗೆ!

ಹತ್ತುವುದರ ಬಗ್ಗೆ ಹೇಳೋಕೆ ಏನಿಲ್ಲ. ನಿಧಾನ ಹತ್ತಿ, ದಾಟಿದ ಗೇಟು ಮುಚ್ಚಿ.

ಈಗ ಹುಡುಕುವ ಕೆಲಸ. ಬಯಲಿನಲ್ಲೂ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುತ್ತದೆ, ಮರ ಅಥವಾ ಬಂಡೆಯ ಕೆಳಗೆ ಇನ್ನೂ ಜಾಸ್ತಿ. ಡಬ್ಬಿ ಇಟ್ಟವರ ಫೋನೂ ಅಷ್ಟೇ ತಪ್ಪಿರುತ್ತದೆ ಅಲ್ವಾ? ಹಾಗಾಗಿ ಫೋನು ದೂರ ಸೊನ್ನೆ ಅಂತ ತೋರಿಸಿದ ಮಾತ್ರಕ್ಕೆ ಡಬ್ಬಿ ಕಾಲಡಿಯಲ್ಲೇ ಇದೆ ಎಂದಲ್ಲ, ಸುತ್ತ ಹತ್ತು ಮೀಟರ್ ಒಳಗೆ ಎಲ್ಲೋ ಇದೆ ಅಂತ. ಹತ್ತು ಮೀಟರ್ ಅಂತ ಬಂದಾಗ ನಿಂತುಬಿಡಿ. ಒಂದು ನಿಮಿಷ ಅಲ್ಲಾಡಬೇಡಿ, ಅಂಕಿ ಒಂದು ಹದಕ್ಕೆ ಬರಲಿ. ಬಾಣ ಎತ್ತ ಇದೆ ನೋಡಿಕೊಳ್ಳಿ. ಆಮೇಲೆ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಅಲ್ಲಿಂದಲೂ ನೋಡಿ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿಂದ ಶುರು ಮಾಡಿ. ಬಾಣ ಹುಚ್ಚು ಹಿಡಿದಂತೆ ತಿರುಗುತ್ತಿದ್ದರೆ ಫೋನಿನ ಕವರ್ ಬಿಚ್ಚಿ ನೋಡಿ. ಆಯಸ್ಕಾಂತದ ಮುಚ್ಚಳ ಇರುವ ಕವರ್‌ಗಳು ದಿಕ್ಸೂಚಿಯನ್ನು ಕೆಡಿಸುತ್ತವೆ. ಬೇಲಿಕಂಬದ ಹತ್ತಿರ ನಮ್ಮನ್ನು ಸುತ್ತಿಸಿದ್ದು ಇದೇ.

ಇಷ್ಟಾದ ಮೇಲೆ ಫೋನು ಜೇಬಿಗೆ. ನಿಜವಾಗಿ ಹೇಳುತ್ತಿದ್ದೇನೆ, ಒಳಗಿಡಿ. ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ ಅಂತ ಯೋಚಿಸಿ. ಬೇರಿನ ಸಂದು, ಕಂಬದ ಹಿಂಬದಿಯ ಪೊಟರೆ, ಬೇಲಿ ದಾಟುವ ಮೆಟ್ಟಿಲ ಅಡಿ. ಇಂಟರ್ನೆಟ್‌ನಲ್ಲಿ ಆ ಡಬ್ಬಿಯ ಪುಟದಲ್ಲಿ ‘ಮೈಕ್ರೊ’ ಅಂತಿದ್ದರೆ ಊಟದ ಡಬ್ಬಿ ಹುಡುಕಬೇಡಿ, ಅದು ಹಳೇ ಕ್ಯಾಮೆರಾ ರೋಲಿನ ಡಬ್ಬಿಯಷ್ಟೇ ಇರುತ್ತದೆ. ಪ್ರಕೃತಿ ಜೋಡಿಸದ ಜೋಡಣೆ ಕಣ್ಣಿಗೆ ಬೀಳಬೇಕು. ಅವತ್ತು ಗೆಳೆಯನ ಅಮ್ಮ ಚಿತ್ರಾನ್ನದ ಡಬ್ಬಿ ಮುಚ್ಚುತ್ತಾ, “ಅಲ್ಲ ಕಣೋ, ಆ ಮೂರು ಕಲ್ಲನ್ನ ಯಾರೋ ಒಲೆ ಹೂಡಿದ ಹಾಗೆ ಇಟ್ಟಿದ್ದಾರಲ್ಲ, ಯಾಕೆ?” ಅಂದರು. ಅದರ ಹಿಂದೆಯೇ ಇತ್ತು. ಅವರ ಹತ್ತಿರ ಫೋನೇ ಇರಲಿಲ್ಲ.

ಒಂದು ಕಟ್ಟುನಿಟ್ಟು. ಅಲ್ಲಿನ ಕಲ್ಲುಗೋಡೆಗಳಿಗೆ ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಡಬ್ಬಿ ಹುಡುಕಲು ಅದರಿಂದ ಒಂದು ಕಲ್ಲನ್ನೂ ಕೀಳಬೇಡಿ. ಗೋಡೆ ಕುಸಿದರೆ ರೈತನ ಕುರಿಗಳೆಲ್ಲ ಆಚೆಗೆ.

ಹತ್ತು ನಿಮಿಷದಲ್ಲಿ ಸಿಗದಿದ್ದರೆ ಸುಳಿವು ತೆರೆದು ಓದಿ, ನಾಚಿಕೆ ಬೇಡ. ಕೊನೆಗೆ ಬಂದ ಮೂರು ನಾಲ್ಕು ಜನ ಆ ಪುಟದಲ್ಲಿ ‘ಸಿಗಲಿಲ್ಲ’ ಅಂತ ಬರೆದಿದ್ದರೆ ಡಬ್ಬಿಯೇ ಹೋಗಿರಬಹುದು, ಸುಮ್ನೆ ಮುಂದೆ ನಡೆಯಿರಿ. ಇದನ್ನು ಮನೆಯಲ್ಲೇ ನೋಡಿಕೊಂಡು ಬಂದರೆ ಇನ್ನೂ ಒಳ್ಳೆಯದು.

ಸಿಕ್ಕಿದರೆ ದಾರಿಹೋಕರು ದಾಟುವ ತನಕ ಕಾದು ತೆಗೆಯಿರಿ. ಹೆಸರು, ತಾರೀಖು ಬರೆಯಿರಿ. ಡಬ್ಬಿಯೊಳಗಿನ ಆಟದ ಸಾಮಾನು ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದು ಇಡಿ, ತಿಂಡಿ ಮಾತ್ರ ಇಡಬೇಡಿ, ಪ್ರಾಣಿಗಳು ಡಬ್ಬಿಯನ್ನೇ ಕಚ್ಚಿ ಹಾಕುತ್ತವೆ. ಮುಚ್ಚಳ ಬಿಗಿಯಾಗಿ ಹಾಕಿ ಅದೇ ಸಂದಿನಲ್ಲಿ ಇಡಿ. ‘ಇನ್ನೂ ಚೆನ್ನಾಗಿ’ ಬಚ್ಚಿಡುವ ಜಾಣತನ ಬೇಡ, ಮುಂದಿನವರು ಒದ್ದಾಡುತ್ತಾರೆ.

ಲೂಸ್ ಹಿಲ್ ಮೇಲಿನ ಹುಡುಕಾಟ ಶುರು ಮಾಡುವ ಮೊದಲು ರೈಲಿನ ಹೊತ್ತು ನೋಡಿಕೊಳ್ಳಿ. ನಾವು ನೋಡಿರಲಿಲ್ಲ. ಉಳಿದ ಚಿತ್ರಾನ್ನವನ್ನು ಹೋಪ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಮುಗಿಸಿದೆವು.