ಕಾಪಿಟ್ಟ ಕತ್ತಲಿಗೆ ಹೊರಟವರಿಗೆ

ನಕ್ಷತ್ರ ನೋಡಲೆಂದೇ ಕತ್ತಲನ್ನು ಕಾಪಾಡಿಟ್ಟ ತಾಣಗಳಿಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ದೂರದರ್ಶಕ ಒಯ್ಯಲಿ ಅಂತ. ಮೊದಲ ರಾತ್ರಿಗೆ ಬರಿಗಣ್ಣು ಸಾಕು ಅನ್ನುತ್ತೇನೆ. ಅಲ್ಲಿನ ಬೀದಿದೀಪ, ಕಟ್ಟಡಗಳ ದೀಪಗಳಿಗೆ ಆಗಲೇ ಮುಚ್ಚಳ ಹಾಕಿಸಿರುತ್ತಾರೆ, ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡಿರುತ್ತಾರೆ. ಆಮೇಲೆ ಅಲ್ಲಿಗೆ ಬರುವ ಹೊಸ ಬೆಳಕೆಲ್ಲ ನಮ್ಮಂಥವರ ಜೊತೆಗೇ ಬರುವುದು. ಅದನ್ನು ತಡೆಯುವುದು ಹೇಗೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ತಾಣ ಆರಿಸುವಾಗ ಹಣೆಪಟ್ಟಿಯನ್ನು ಸರಿಯಾಗಿ ಓದಿ. ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್ ಸಂಸ್ಥೆ 2001ರಿಂದ ಇಂಥ ಜಾಗಗಳಿಗೆ ಮನ್ನಣೆ ಕೊಡುತ್ತಿದೆ. ಮೊದಲನೆಯದು ಅಮೆರಿಕದ ಫ್ಲಾಗ್‌ಸ್ಟಾಫ್ ನಗರ. ನಗರಕ್ಕೂ ಮನ್ನಣೆ ಸಿಗುತ್ತದೆ ಎಂದರೆ, ಮನ್ನಣೆ ಸಿಕ್ಕ ಜಾಗವೆಲ್ಲ ಗಾಢ ಕತ್ತಲಿನದಲ್ಲ ಎಂದೇ ಅರ್ಥ. 'ಅರ್ಬನ್ ನೈಟ್ ಸ್ಕೈ ಪ್ಲೇಸ್' ಎಂದಿದ್ದರೆ ಅದು ಊರಿನ ಬೆಳಕಿನ ಮಗ್ಗುಲಲ್ಲೇ ಇರುವ ಜಾಗ, ಆಕಾಶಗಂಗೆಯ ಆಸೆಯಿಟ್ಟು ಹೋಗಬೇಡಿ. 'ರಿಸರ್ವ್' ಎಂದಿದ್ದರೆ ನಡುವೆ ದಟ್ಟ ಕತ್ತಲಿನ ಪ್ರದೇಶ, ಸುತ್ತ ಜನವಸತಿಯ ಅಂಚು ಎರಡೂ ಇರುತ್ತವೆ. ಅಂಚಿನ ಊರುಗಳವರು ತಮ್ಮ ದೀಪಗಳಿಗೆ ಕಟ್ಟುಪಾಡು ಒಪ್ಪಿಕೊಂಡಿರುತ್ತಾರೆ. ಕೆನಡಾದ ಮೋಂಟ್ ಮೆಗಾಂಟಿಕ್ 2007ರಲ್ಲಿ ಈ ಬಗೆಯ ಮೊದಲ ತಾಣವಾಯಿತು. ಸರ್ಕಾರಗಳೂ ತಾವಾಗಿ ಘೋಷಿಸುವುದುಂಟು. ಲಡಾಖ್‌ನ ಹಾನ್ಲೆಯಲ್ಲಿ ವೀಕ್ಷಣಾಲಯದ ಸುತ್ತಲಿನ 1,073 ಚದರ ಕಿಲೋಮೀಟರ್ ಹಾಗೆ 2022ರ ಡಿಸೆಂಬರ್‌ನಲ್ಲಿ ರಕ್ಷಿತವಾಯಿತು.

ಹೆಸರಿಗಿಂತ ನಾನು ನಂಬುವುದು ಅಂಕಿಯನ್ನು. ಹವ್ಯಾಸಿ ಖಗೋಳವೀಕ್ಷಕ ಜಾನ್ ಬೋರ್ಟ್‌ಲ್ 2001ರಲ್ಲಿ ಕೊಟ್ಟ ಅಳತೆಪಟ್ಟಿಯಲ್ಲಿ ಆಕಾಶಕ್ಕೆ ಒಂಬತ್ತು ದರ್ಜೆ: 1 ಅತ್ಯಂತ ಕತ್ತಲು, 9 ಮಹಾನಗರದ ನಡುಮಧ್ಯ. ಬೆಳಕಿನ ಮಾಲಿನ್ಯದ ನಕ್ಷೆ ತೆರೆದು 3 ಅಥವಾ ಅದಕ್ಕಿಂತ ಕಡಿಮೆಯ ಜಾಗ ಹುಡುಕಿ.

ಇನ್ನು ದಿನ. ಹುಣ್ಣಿಮೆಗೆ ಹೋದರೆ ಎಂಥ ರಿಸರ್ವ್ ಆದರೂ ವ್ಯರ್ಥ. ಅಮಾವಾಸ್ಯೆಯ ಆಸುಪಾಸು ಎಲ್ಲಕ್ಕಿಂತ ಒಳ್ಳೆಯದು. ರಜೆ ಹೊಂದದಿದ್ದರೆ ಕೃಷ್ಣಪಕ್ಷದ ಅಷ್ಟಮಿಯ ನಂತರದ ದಿನ ಆರಿಸಿಕೊಳ್ಳಿ, ನಡುರಾತ್ರಿಯವರೆಗೆ ಚಂದ್ರನ ಕಾಟವಿಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆಯೇ ನಿಜವಾದ ರಾತ್ರಿ ಶುರು. ಆಕಾಶಗಂಗೆಯ ನಡುಭಾಗ ಧನು, ವೃಶ್ಚಿಕ ರಾಶಿಗಳ ಕಡೆಗಿದೆ. ಅದು ರಾತ್ರಿ ಚೆನ್ನಾಗಿ ಮೇಲೆ ಬರುವುದು ಮೇನಿಂದ ಆಗಸ್ಟ್‌ವರೆಗೆ.

ಕತ್ತಲಾಗುವ ಮೊದಲೇ ತಲುಪಿಬಿಡಿ. ವಾಹನವನ್ನು ಮೂತಿ ಹೊರದಾರಿಯ ಕಡೆಗಿರುವಂತೆ ನಿಲ್ಲಿಸಿ. ನಡುರಾತ್ರಿ ಹೊರಡುವವರು ಹಿಂದಕ್ಕೆ ತೆಗೆದರೆ ರಿವರ್ಸ್ ದೀಪದ ಬಿಳಿ ಬೆಳಕು ಬಯಲಿನಲ್ಲಿದ್ದವರೆಲ್ಲರ ಕಣ್ಣಿಗೆ ಹೊಡೆಯುತ್ತದೆ. ಒಳದೀಪ, ಡಿಕ್ಕಿಯ ದೀಪ ಆರಿಸಿಡಿ. ರಿಮೋಟ್‌ನಿಂದ ಬಾಗಿಲು ಹಾಕಿದಾಗ ಮಿನುಗುವ ಇಂಡಿಕೇಟರ್ ಎಲ್ಲರೂ ಮರೆಯುವ ಸಂಗತಿ, ಕೀಲಿಯಿಂದಲೇ ಹಾಕಿ. ಬೇಕಾದ್ದೆಲ್ಲವನ್ನೂ, ಬೆಚ್ಚನೆಯ ಬಟ್ಟೆಯನ್ನೂ, ಬೆಳಕಿರುವಾಗಲೇ ಹೊರಗೆ ತೆಗೆದಿಟ್ಟುಕೊಳ್ಳಿ.

ಇಷ್ಟು ಹಟವೇಕೆಂದರೆ, ಕಣ್ಣು ಕತ್ತಲಿಗೆ ಒಗ್ಗುವುದು ಬಹಳ ನಿಧಾನ. ಪಾಪೆ ಬೇಗ ಹಿಗ್ಗುತ್ತದೆ, ಆದರೆ ಅಕ್ಷಿಪಟಲದ ಕೋಲುಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಫೋನಿನ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ಕಾಯುವಿಕೆ ಹೋಯಿತು. ಕೋಲುಕೋಶಗಳಿಗೆ ಗಾಢ ಕೆಂಪು ಬೆಳಕು ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ, ಆದ್ದರಿಂದ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ. ಆದರೂ ಕೆಂಪು ತಾನೇ ಎಂದು ಪ್ರಖರವಾಗಿ ಉರಿಸುವುದು ತಪ್ಪು. ಹೆಜ್ಜೆಯಿಡಲು ನೆಲ ಕಂಡರೆ ಸಾಕು. ಹಸಿರು ಲೇಸರ್ ಮನೆಯಲ್ಲೇ ಇರಲಿ. ಅದು ಪಕ್ಕದವರು ತೆಗೆಯುತ್ತಿರುವ ಚಿತ್ರದ ಮೇಲೆ ಗೆರೆ ಎಳೆಯುತ್ತದೆ, ವಿಮಾನ ನಡೆಸುವವರಿಗೆ ಅಪಾಯ ತರುತ್ತದೆ. ಹಾನ್ಲೆಯಂಥ ಎತ್ತರದ ಜಾಗದಲ್ಲಿ ಇನ್ನೊಂದು ಮಾತು: ವೀಕ್ಷಣಾಲಯವಿರುವುದು ಸುಮಾರು 4,500 ಮೀಟರ್ ಎತ್ತರದಲ್ಲಿ, ಆಮ್ಲಜನಕ ಕಡಿಮೆಯಾದಾಗ ದೇಹದಲ್ಲಿ ಮೊದಲು ಮಂಕಾಗುವವುಗಳಲ್ಲಿ ಇರುಳ ದೃಷ್ಟಿಯೂ ಒಂದು. ಮೊದಲ ದಿನಗಳಲ್ಲಿ ವಿಶ್ರಾಂತಿ ತೆಗೆದುಕೊಂಡು ಆಮೇಲೆ ಆಕಾಶಕ್ಕೆ ಕಣ್ಣು ಹಾಕಿ.

ಕಣ್ಣು ಒಗ್ಗಿದ ಮೇಲೆ ಪರಿಚಿತ ನಕ್ಷತ್ರಪುಂಜಗಳೂ ಗುರುತು ಸಿಗದೆ ಹೋಗಬಹುದು, ಗಾಬರಿ ಬೇಡ. ಸಣ್ಣ ನಕ್ಷತ್ರಗಳ ಸಂತೆಯಲ್ಲಿ ದೊಡ್ಡವು ಬೆರೆತುಹೋಗಿರುತ್ತವೆ. ಮಸುಕಾದದ್ದನ್ನು ನೇರವಾಗಿ ದಿಟ್ಟಿಸಬೇಡಿ. ದೃಷ್ಟಿಯ ನಟ್ಟನಡುವೆ ಕೋಲುಕೋಶಗಳಿಲ್ಲ, ಹಾಗಾಗಿ ಸ್ವಲ್ಪ ಪಕ್ಕಕ್ಕೆ ನೋಡಿದಾಗಲೇ ಅದು ಮೂಡಿಬರುತ್ತದೆ. 25 ಲಕ್ಷ ಬೆಳಕಿನ ವರ್ಷ ದೂರದ ದೇವಯಾನಿ ಗೆಲಾಕ್ಸಿಯ ಮೇಲೆ ಇದನ್ನು ಅಭ್ಯಾಸ ಮಾಡಿ, ಆಮೇಲೆ ಅದಕ್ಕಿಂತ ಮಸುಕಾದ ಎಂ33 ಎಂಬ ಇನ್ನೊಂದು ಗೆಲಾಕ್ಸಿ ಹುಡುಕಿ. ಎಂ33 ಬರಿಗಣ್ಣಿಗೆ ಸಿಕ್ಕಿತೆಂದರೆ ನೀವು ನಿಜಕ್ಕೂ ಒಳ್ಳೆಯ ಕತ್ತಲಲ್ಲಿದ್ದೀರಿ. ನನಗೆ ಅದಕ್ಕಿಂತ ಇಷ್ಟವಾದ ಪರೀಕ್ಷೆ ಮೋಡ. ಊರಲ್ಲಿ ರಾತ್ರಿಯ ಮೋಡ ಕೆಳಗಿನ ದೀಪಗಳಿಂದ ಬೆಳ್ಳಗೆ ಕಾಣುತ್ತದೆ. ಇಲ್ಲಿ ಅದು ಕಪ್ಪು. ನಕ್ಷತ್ರಗಳು ಮರೆಯಾದಾಗಲೇ ಮೋಡ ಬಂತೆಂದು ತಿಳಿಯುವುದು.

ಕತ್ತಲು ನಮಗೊಬ್ಬರಿಗೇ ಸೇರಿದ್ದಲ್ಲ. ವಲಸೆ ಹಕ್ಕಿಗಳು ರಾತ್ರಿ ದಾರಿ ಹಿಡಿಯುತ್ತವೆ, ಆಮೆಮರಿಗಳು ಕಡಲಿನ ಹೊಳಪು ನೋಡಿ ನೀರಿಗೆ ಸಾಗುತ್ತವೆ. ಕೃತಕ ಬೆಳಕು ಎರಡನ್ನೂ ದಿಕ್ಕು ತಪ್ಪಿಸುತ್ತದೆ. ಹಾಗಾಗಿ ಪೊದೆಗಳತ್ತ, ಮರಗಳತ್ತ ಟಾರ್ಚು ಬಿಡಬೇಡಿ.

ಅಲ್ಲಿಂದ ಹೊರಡುವ ಮುನ್ನ ಹತ್ತು ನಿಮಿಷ, ಆಕಾಶ ಎಷ್ಟು ಕತ್ತಲಿದೆ ಎಂಬ ಅಳತೆಗೆಂದು ಉಳಿಸಿಕೊಳ್ಳಿ. ಗ್ಲೋಬ್ ಅಟ್ ನೈಟ್ ಎಂಬ ಯೋಜನೆ 2006ರಿಂದ ಸಾಮಾನ್ಯ ಜನರಿಂದಲೇ ಇಂಥ ಲೆಕ್ಕ ಸಂಗ್ರಹಿಸುತ್ತಿದೆ. ಅವರು ಹೇಳಿದ ನಕ್ಷತ್ರಪುಂಜವನ್ನು ನೋಡಿ, ಕೊಟ್ಟ ಚಿತ್ರಗಳಲ್ಲಿ ಯಾವುದು ನಿಮ್ಮ ಆಕಾಶಕ್ಕೆ ಹೊಂದುತ್ತದೆಂದು ಗುರುತಿಸಬೇಕು, ಅಷ್ಟೇ. ಚಿತ್ರಗಳನ್ನು ಮೊದಲೇ ಮುದ್ರಿಸಿ ತಂದಿದ್ದರೆ ಕೆಂಪು ಬೆಳಕಲ್ಲೇ ನೋಡಬಹುದು. ಸಮಯ, ಜಾಗ, ಮೋಡವಿತ್ತೇ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಮರುದಿನ ಹಗಲಲ್ಲಿ ಕಳಿಸಿ.