ಏಪ್ರಿಲ್ ಯಾಕೆ ಕ್ರೂರ? ಏಳು ಸಾಲು ಓದುವ ಬಗೆ

ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ ಬರೆದ ‘ದಿ ವೇಸ್ಟ್ ಲ್ಯಾಂಡ್’ ಕವನವನ್ನು ಮೊದಲ ಪುಟದಲ್ಲೇ ಕೈಬಿಟ್ಟವರು ತುಂಬಾ ಜನ. 434 ಸಾಲು, ಐದು ಭಾಗ, ನಡುನಡುವೆ ಜರ್ಮನ್, ಫ್ರೆಂಚ್, ಸಂಸ್ಕೃತ, ಸಾಲದ್ದಕ್ಕೆ ಕವಿಯೇ ಬರೆದ ಟಿಪ್ಪಣಿಗಳು ಬೇರೆ. ಅಷ್ಟನ್ನೂ ಒಂದೇ ಸಲ ಹೊರಬೇಡಿ. ಮೊದಲ ಏಳು ಸಾಲು ಸಾಕು. ಒಂದು ಪೆನ್ಸಿಲ್ ಇಟ್ಟುಕೊಳ್ಳಿ, ಟಿಪ್ಪಣಿಗಳ ಕಡೆ ಈಗ ಹೋಗಬೇಡಿ.

ಮೊದಲು ಭಾಗದ ಹೆಸರು ನೋಡಿ: ‘ದಿ ಬರಿಯಲ್ ಆಫ್ ದಿ ಡೆಡ್’. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ಹೆಣ ಹೂಳುವ ವಿಧಿಗೆ ಇರುವ ಹೆಸರು ಇದು. ಸತ್ತವರು ಮತ್ತೆ ಏಳುತ್ತಾರೆ ಎಂಬ ಭರವಸೆ ಆ ವಿಧಿಯಲ್ಲೇ ಇದೆ. ಅಂದರೆ ಯಾರನ್ನೋ ಮಣ್ಣಿಗಿಟ್ಟು ಆಗಿದೆ, ಆಮೇಲೆ ಕವನ ಶುರು.

ಈಗ ಏಪ್ರಿಲ್. ಅದು ಅತಿ ಕ್ರೂರ ತಿಂಗಳು ಎಂದು ಕವನದ ಮೊದಲ ಸಾಲೇ ಹೇಳಿದರೆ ನಾವು ‘ಹೌದು ಮಾರಾಯ, ಏನು ಸೆಕೆ’ ಅಂತ ತಲೆಯಾಡಿಸಿಬಿಡುತ್ತೇವೆ, ಅಲ್ವಾ? ಎಡವುವುದು ಅಲ್ಲೇ. ಇಂಗ್ಲೆಂಡಿನಲ್ಲಿ ಏಪ್ರಿಲ್ ಎಂದರೆ ಚಳಿ ಹೋಗಿ ಚಿಗುರುವ ಕಾಲ. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳನ್ನು ಶುರು ಮಾಡಿದ್ದು ಏಪ್ರಿಲ್ ಮಳೆ ಬೇರಿಗೆ ಇಳಿಯುವುದರಿಂದ. ಅಲ್ಲಿ ಜನ ಉತ್ಸಾಹದಲ್ಲಿ ಯಾತ್ರೆ ಹೊರಡುತ್ತಾರೆ. ಎಲಿಯಟ್ ಅದೇ ಮಳೆ, ಅದೇ ಬೇರನ್ನು ತಂದು ಕ್ರೂರ ಎನ್ನುತ್ತಾನೆ. ಅದೂ 1922ರಲ್ಲಿ, ಮೊದಲ ಮಹಾಯುದ್ಧ ಮುಗಿದು ನಾಲ್ಕು ವರ್ಷಕ್ಕೆ. (ಮೊದಲ ಕರಡಿನಲ್ಲಿ ಈ ಸಾಲು ಆರಂಭದಲ್ಲಿ ಇರಲೇ ಇಲ್ಲ. ರಾತ್ರಿಯಿಡೀ ಕುಡಿದು ಅಲೆಯುವವರ ದೃಶ್ಯವೊಂದಿತ್ತು. ಅದನ್ನು ಹೊಡೆದುಹಾಕಿದ್ದು ಒಳ್ಳೇದೇ ಆಯಿತು.)

ಪೆನ್ಸಿಲ್ ಬೇಕಾಗುವುದು ಈಗ. ಮೂಲದಲ್ಲಿ ಪ್ರತಿ ಸಾಲಿನ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ಬ್ರೀಡಿಂಗ್, ಮಿಕ್ಸಿಂಗ್, ಸ್ಟರಿಂಗ್, ಆಮೇಲೆ ಕವರಿಂಗ್, ಫೀಡಿಂಗ್. ಏಳರಲ್ಲಿ ಐದು ಸಾಲು ಹೀಗೆ ಮುಗಿಯುತ್ತವೆ. ಮುಗಿಯುತ್ತವೆ ಅನ್ನುವುದೂ ತಪ್ಪೇ. ಮೊದಲ ಸಾಲು ‘ತಿಂಗಳು’ ಎನ್ನುವಲ್ಲಿ ನಿಂತಿದ್ದರೆ ಸುಮ್ನೆ ಒಂದು ಹೇಳಿಕೆಯಾಗುತ್ತಿತ್ತು. ಕವಿ ಅಲ್ಪವಿರಾಮ ಹಾಕಿ, ‘ಹುಟ್ಟಿಸುತ್ತ’ ಎಂಬ ಪದವನ್ನು ಅಂಚಿನಲ್ಲಿ ನೇತುಹಾಕಿ ಹೋಗುತ್ತಾನೆ. ಏನನ್ನು? ಕೆಳಗಿನ ಸಾಲಿಗೆ ಇಳಿಯಲೇಬೇಕು: ಸತ್ತ ನೆಲದಿಂದ ಲೈಲಾಕ್ ಹೂ. ಕಲೆಸುತ್ತ, ಏನನ್ನು? ನೆನಪನ್ನೂ ಆಸೆಯನ್ನೂ. ಕದಡುತ್ತ, ಏನನ್ನು? ಮಂಕು ಬೇರುಗಳನ್ನು.

ಇದನ್ನು ಕನ್ನಡಕ್ಕೆ ತರಲು ಕೂತಾಗ ನಾನು ಸಿಕ್ಕಿಬಿದ್ದದ್ದು ಇಲ್ಲೇ. ‘ಲೈಲಾಕ್ ಹೂಗಳನ್ನು ಹುಟ್ಟಿಸುತ್ತ’ ಎಂದು ಬರೆದರೆ ಕ್ರಿಯಾಪದ ಕೊನೆಗೇ ಬರುತ್ತದೆ ನಿಜ, ಆದರೆ ಬಾಗಿಲು ಮುಚ್ಚಿದ ಹಾಗೆ. ಇಂಗ್ಲಿಷಿನಲ್ಲಿ ಅದೇ ಪದ ಬಾಗಿಲನ್ನು ತೆರೆದಿಟ್ಟು ನಿಲ್ಲುತ್ತದೆ. ಅದಕ್ಕೇ ಮೂಲವನ್ನು ಒಂದು ಸಲ ಜೋರಾಗಿ ಓದಿ ಎನ್ನುವುದು. ಈ ಕೆಲಸಗಳನ್ನೆಲ್ಲ ಯಾರು ಮಾಡುತ್ತಿದ್ದಾರೆ ಅಂತಲೂ ಕೇಳಿಕೊಳ್ಳಿ. ಬೇರು ತಾನಾಗಿ ಏಳುತ್ತಿಲ್ಲ. ಏಪ್ರಿಲ್ ಎಬ್ಬಿಸುತ್ತಿದೆ, ಮಲಗಿದವನ ಕಂಬಳಿ ಎಳೆದ ಹಾಗೆ. ಕ್ರೌರ್ಯ ಅದರಲ್ಲಿದೆ.

ಆ ಕಂಬಳಿ ಐದನೇ ಸಾಲಿನಲ್ಲಿ ಬರುತ್ತದೆ. ಚಳಿಗಾಲ ‘ನಮ್ಮನ್ನು’ ಬೆಚ್ಚಗಿಟ್ಟಿತ್ತು, ಮರೆವಿನ ಹಿಮ ಹೊದಿಸಿ, ಒಣಗಿದ ಗೆಡ್ಡೆ ತಿನ್ನಿಸಿ. ಯಾರು ಈ ನಾವು? ಯುದ್ಧದಲ್ಲಿ ಉಳಿದವರು ಅನ್ನಬಹುದು. ನನಗೆ ಮಾತ್ರ ಇದು ನೆಲದೊಳಗಿಂದ ಬರುವ ದನಿ ಎಂದೇ ಕೇಳಿಸುತ್ತದೆ, ಭಾಗದ ಹೆಸರೇ ಹಾಗಿದೆಯಲ್ಲ. ಎಂಟನೇ ಸಾಲಿನಿಂದ ಮುಂದೆ ಹೋದರೆ ಅದೇ ‘ನಾವು’ ಮ್ಯೂನಿಕ್‌ನ ಹೋಫ್‌ಗಾರ್ಟನ್ ಉದ್ಯಾನದ ಕಡೆ ನಡೆದು, ಕಾಫಿ ಕುಡಿದು, ಒಂದು ತಾಸು ಹರಟೆ ಹೊಡೆಯುತ್ತಿರುತ್ತಾರೆ. ಗೊಂದಲವಾದರೆ ಗಾಬರಿ ಬೇಡ, ದನಿ ಬದಲಾಗಿದೆ ಅಂತ ಪಕ್ಕದಲ್ಲಿ ಗುರುತು ಹಾಕಿ ಸಾಕು.

ನಿಮ್ಮ ಈ ಓದು ಸರಿಹೊಂದುತ್ತದಾ ಎಂದು ನೋಡಲು ಅದೇ ಭಾಗದ 71ನೇ ಸಾಲಿಗೆ ಹಾರಿ. ಲಂಡನ್ನಿನ ಬೀದಿಯಲ್ಲಿ ಒಬ್ಬ ಇನ್ನೊಬ್ಬನನ್ನು ತಡೆದು ಕೇಳುತ್ತಾನೆ: ಹೋದ ವರ್ಷ ನಿನ್ನ ತೋಟದಲ್ಲಿ ನೆಟ್ಟೆಯಲ್ಲ, ಆ ಹೆಣ, ಚಿಗುರೊಡೆಯಿತಾ?