ನಕ್ಷೆಗಾರರ ಸುರುಳಿಗಳನ್ನು ನಾನು ಬಿಡಿಸಿದ್ದು ಹೀಗೆ

ನಕ್ಷೆಯ 14 ಸುರುಳಿ, 2 ಟ್ರಂಕು, ಕೆಂಪು ಬಟ್ಟೆಯ 3 ಗಂಟು. ಎರಡನೇ ಮಹಾಯುದ್ಧದ ಹೊತ್ತಿಗೆ ದೇಶದ ನಕ್ಷೆ ತಯಾರಿಸುವ ಸರ್ಕಾರಿ ಇಲಾಖೆ ಸರ್ವೆ ಆಫ್ ಇಂಡಿಯಾದಲ್ಲಿ ನಕ್ಷೆ ಬರೆಯುತ್ತಿದ್ದ ಹಿರಿಯರೊಬ್ಬರ ಕಾಗದಪತ್ರ ಇದು. ಮೈಸೂರಿನ ಅವರ ಮನೆಯ ಅಟ್ಟದಲ್ಲಿತ್ತು. ಯುದ್ಧ ಮುಗಿದ ಮೇಲೆ ಅವರು ಸ್ವಂತವಾಗಿ ಜಮೀನು ಅಳೆದು ಸೈಟ್ ಪ್ಲಾನ್ ಬರೆದುಕೊಡುತ್ತಿದ್ದರು. ಹಾಗಾಗಿ ನಾಗಾಲ್ಯಾಂಡಿನ ಕೊಹಿಮಾದ ಬೆಟ್ಟ, ಯಾರದೋ 30-40 ಸೈಟು, ಹೆಂಡತಿಗೆ ಬರೆದ ಕಾಗದ ಎಲ್ಲಾ ಒಂದೇ ಗಂಟಿನಲ್ಲಿ. ಆ ಜೋಡಣೆಯನ್ನು ನಾನು ಕದಲಿಸಲಿಲ್ಲ.

ಸುರುಳಿಗಳೆಲ್ಲ ಟ್ರೇಸಿಂಗ್ ಕ್ಲಾತ್, ಅಂದರೆ ನಕ್ಷೆ ಬರೆಯೋಕೆ ಗಂಜಿ ಹಾಕಿ ನಯ ಮಾಡಿದ ತೆಳು ಬಟ್ಟೆ. ಅದರ ಜೀವವೇ ಆ ಗಂಜಿ. ಒಣಗಿದಂತೆಯೇ ಬಿಡಿಸಿದರೆ ಸೀಳುತ್ತದೆ, ಒಂದು ಹನಿ ನೀರು ಬಿದ್ದರೆ ಗಂಜಿ ಎದ್ದು ಕಲೆ ಕೂರುತ್ತದೆ. ಜೊತೆಯವರು ಇಸ್ತ್ರಿ ಹಾಕು ಅಂದರು. ಒಬ್ಬರು ಲ್ಯಾಮಿನೇಷನ್ ಮಾಡಿಸಿಬಿಡು ಅಂದರು. ತೇವ ಕೊಟ್ಟು ಬಿಡಿಸ್ತೀನಿ ಅಂದಾಗ ಯಾರೂ ನಂಬಲಿಲ್ಲ.

ಮುಚ್ಚಳವಿರುವ ಟಬ್ಬಿನ ತಳಕ್ಕೆ ಒದ್ದೆ ಬ್ಲಾಟಿಂಗ್ (ನೀರು ಹೀರುವ) ಹಾಳೆ ಹಾಸಿ, ಅದರ ತೇವದಲ್ಲಿ ಸುರುಳಿ ಇಡುವುದು ನನ್ನ ಉಪಾಯ. ಮೊದಲ ಸುರುಳಿ ಹಾಳಾಯಿತು. ಟಬ್ಬಿನ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಮೂರು ಕಡೆ ರೂಪಾಯಿ ಅಗಲದ ಕಲೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಮುಚ್ಚಳವನ್ನು ಓರೆ ಮಾಡಿದೆ, ಹನಿ ಬದಿ ಹಿಡಿದು ಇಳಿಯಲಿ ಅಂತ. ತಳದ ಬ್ಲಾಟಿಂಗ್ ಹಾಳೆ ತಣ್ಣಗಿದ್ದರೆ ಸಾಕು, ಒತ್ತಿದರೆ ನೀರು ಬರಬಾರದು. ಸುರುಳಿಗೂ ಅದಕ್ಕೂ ನಡುವೆ ಆವಿ ಬಿಟ್ಟು ನೀರು ತಡೆಯುವ ಬಟ್ಟೆ. ಹೊರದೇಶದ್ದಕ್ಕೆ ಕೈ ಹಾಕುವ ಹಾಗಿರಲಿಲ್ಲ. ನನಗೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮೀಟರಿಗೆ ಇನ್ನೂರು ಚಿಲ್ಲರೆಗೆ ಒಂದು ಸಿಕ್ಕಿತು. ಯಾವುದು ಅಂತ ಇಲ್ಲಿ ಬರೆಯಲ್ಲ, ಹುಡುಕೋಕೆ ಒಂದು ವರ್ಷ ಹಿಡಿದಿದೆ. ಸುಮಾರು 40 ನಿಮಿಷಕ್ಕೆ ಸುರುಳಿಯ ಅಂಚು ತಾನೇ ಸಡಿಲವಾಗುತ್ತದೆ. ಆಗ ತೆಗೆದು, ಒಣ ಬ್ಲಾಟಿಂಗ್ ನಡುವೆ ಇಟ್ಟು, ಮೇಲೆ ಕಡಪ ಕಲ್ಲು. ದಿನಾ ಹಾಳೆ ಬದಲಿಸಿ ಒಂದು ವಾರ. ಆಮೇಲೆ ಒಂದೂ ಕೈ ಕೊಟ್ಟಿಲ್ಲ.

ಒಂದು ಸುರುಳಿಯಲ್ಲಿ ಶೀಟ್ ನಂಬರ್ ಇದ್ದ ಜಾಗವೇ ಹರಿದುಹೋಗಿತ್ತು. ಎಡಗಡೆ ಮೇಲಿನ ಮೂಲೆಯಲ್ಲಿ ಅಕ್ಷಾಂಶ 25 ಡಿಗ್ರಿ 45 ನಿಮಿಷ, ರೇಖಾಂಶ 94 ಡಿಗ್ರಿ ಅನ್ನೋದು ಮಾತ್ರ ಉಳಿದಿತ್ತು. ಮೈಲಿಗೆ ಒಂದಿಂಚಿನ ಅಳತೆಯ ಶೀಟು ಅಂದರೆ ಎರಡೂ ಕಡೆ 15 ನಿಮಿಷ, ಲೆಕ್ಕ ಹಾಕಿದರೆ ಶೀಟ್ ನಂಬರ್ 83 ಕೆ/2. ಕೊಹಿಮಾ! 1944ರಲ್ಲಿ ಜಪಾನಿನ ಸೈನ್ಯ ಬಂದು ಮುತ್ತಿದ ಊರು. ಅಂಚಿನಲ್ಲಿ ನಿಬ್ಬು ಪರೀಕ್ಷಿಸಿದ ಕೂದಲೆಳೆಯಂಥ ಗೆರೆಗಳು, ಸುಮಾರು ಇಪ್ಪತ್ತು. ಅದರ ಪಕ್ಕದಲ್ಲೇ ಕನ್ನಡದಲ್ಲಿ ಸಣ್ಣಕ್ಕೆ: ಕಾಫಿ ಪುಡಿ, ಬೆಲ್ಲ, ಸೀಮೆಎಣ್ಣೆ. ಅದನ್ನು ನೋಡಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಕೈಯಲ್ಲಿ ಬರೆದ ಪತ್ರಗಳಿಗೆ ಇದೇ ಟಬ್ಬು ಬಳಸಬೇಡಿ. ಕಾಪಿಯಿಂಗ್ ಪೆನ್ಸಿಲ್‌ನಲ್ಲಿ (ಅದರ ಸೀಸದಲ್ಲಿ ನೀರಿಗೆ ಕರಗುವ ಬಣ್ಣ ಇರುತ್ತದೆ) ಬರೆದ ಒಂದನ್ನು ಇಟ್ಟಿದ್ದೆ. ಬೂದು ಅಕ್ಷರ ನೇರಳೆಯಾಗಿ ಹರಡಿತು, ಎರಡು ಸಾಲು ಹೋಯಿತು. ಅವರ ಮಗಳಿಗೆ ಹೇಳುವಾಗ ಗಂಟಲು ಕಟ್ಟಿತು. ಉಳಿದವನ್ನೆಲ್ಲ ಒಣಗಿದಂತೆಯೇ ಭಾರ ಹೇರಿ ನೇರ ಮಾಡಿದೆ.

ಗಂಟಿನಲ್ಲಿದ್ದ ಬ್ಲೂಪ್ರಿಂಟುಗಳಲ್ಲೂ, ಅಂದರೆ ನೀಲಿ ನೆಲದ ಮೇಲೆ ಬಿಳಿ ಗೆರೆಯ ನಕ್ಷೆ ನಕಲುಗಳಲ್ಲೂ, ಒಂದು ಪ್ರಯೋಗ ಮಾಡಿದೆ. ಬಿಸಿಲಿಗೆ ಮಾಸಿದ್ದ ಒಂದನ್ನು ಕತ್ತಲ ಪೆಟ್ಟಿಗೆಯಲ್ಲಿ ತಿಂಗಳಿಟ್ಟೆ. ನೀಲಿ ಅರ್ಧಕ್ಕರ್ಧ ವಾಪಸ್ ಬಂತು. ಆದರೆ ಸುಣ್ಣದ ಅಂಶವಿರುವ ಹಾಳೆಯನ್ನು ಅದರ ಹತ್ತಿರ ಸುಳಿಸಬೇಡಿ, ನೀಲಿಯನ್ನು ಅದು ತಿಂದುಹಾಕುತ್ತದೆ. ಹುಳಕ್ಕೆ ಔಷಧಿ ಹೊಡೆಯಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಪರಿಚಯದ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಮೈನಸ್ 20ರಲ್ಲಿ ಎರಡು ವಾರ.

ಖರ್ಚು ಒಟ್ಟು 18 ಸಾವಿರದ ಹತ್ತಿರ. ಜಾಸ್ತಿ ಹೋಗಿದ್ದು ಬ್ಲಾಟಿಂಗ್ ಮತ್ತು ಪೆಟ್ಟಿಗೆಗೆ. ಹೊರಗಿನವರು ಲ್ಯಾಮಿನೇಷನ್‌ಗೇ 60 ಸಾವಿರ ಕೇಳಿದ್ದರು. ಇಸ್ತ್ರಿ ಹಾಕು ಅಂದವರೇ ಹೋದ ತಿಂಗಳು ಟಬ್ಬಿನ ಅಳತೆ ಕೇಳಿ ಬರೆದುಕೊಂಡು ಹೋದರು.

ಇನ್ನು 2 ಸುರುಳಿ ಉಳಿದಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ದೀಪಾವಳಿ ಕಳೆದ ಮೇಲೆ ತೆಗೆಯುತ್ತೇನೆ.